ಅತಿಥಿಗಳೂ ಠಕ್ಕರೂ

ಮನೆಯ ಒಂದು ಕೋಣೆಯನ್ನೋ ಮಹಡಿಯನ್ನೋ ಎರಡು ದಿನ, ನಾಲ್ಕು ದಿನಗಳ ಮಟ್ಟಿಗೆ ಪರಊರಿನವರಿಗೆ ಬಾಡಿಗೆಗೆ ಕೊಡುವ ಕಸುಬು ಈಗ ಕೊಡಗು, ಚಿಕ್ಕಮಗಳೂರುಗಳ ತೋಟದ ಬಂಗಲೆಗಳಿಗೆ ಮಾತ್ರ ಸೇರಿದ್ದಾಗಿ ಉಳಿದಿಲ್ಲ. ದಸರೆಗೆ ಮೈಸೂರಿಗೆ ಹೋಗುವವರು, ಗೋಕರ್ಣಕ್ಕೋ ಹಂಪಿಗೋ ಹೊರಟವರು, ಮದುವೆಗೆ ಬಂದ ನೆಂಟರು, ಆಸ್ಪತ್ರೆಯಲ್ಲಿರುವ ರೋಗಿಯ ಕಡೆಯವರು, ಪರೀಕ್ಷೆ ಬರೆಯಲು ಬರುವ ಹುಡುಗರು, ಇವರೆಲ್ಲ ಇಂದು ಫೋನಿನಲ್ಲಿಯೇ ಕೋಣೆ ಹುಡುಕುತ್ತಾರೆ. 2008ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಏರ್‌ಬಿಎನ್‌ಬಿಯಂಥ ಕಂಪನಿಗಳು ಈ ವ್ಯವಹಾರವನ್ನು ಜಗತ್ತಿಗೆಲ್ಲ ಹರಡಿವೆ. ದಾವಣಗೆರೆ, ಹುಬ್ಬಳ್ಳಿಗಳಂಥ ಊರುಗಳಲ್ಲಿ ಹತ್ತಿ ಗಿರಣಿಗಳು ಬಾಗಿಲು ಮುಚ್ಚಿದುದನ್ನು ಕಂಡ ಕಾರ್ಮಿಕನಿಗೆ, ವ್ಯಾಪಾರ ಕುಗ್ಗಿ ಅಂಗಡಿಯ ಮೇಲಿನ ಮಹಡಿ ಖಾಲಿ ಬಿದ್ದಿರುವ ಸಣ್ಣ ವರ್ತಕನಿಗೆ, ಇಂಥ ಒಂದು ಕೋಣೆಯ ಬಾಡಿಗೆ ಮನೆ ನಡೆಸಲು ಆಸರೆಯಾಗಬಲ್ಲದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆದರೆ ದುಡಿದವರ ಹಣ ಎಲ್ಲಿ ಓಡಾಡುತ್ತದೆಯೋ ಅಲ್ಲಿಗೆ ಠಕ್ಕನೂ ಬರುತ್ತಾನೆ. ಮೋಸಹೋದವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಅದೇ ಠಕ್ಕನ ದೊಡ್ಡ ಬಂಡವಳ. ಆದುದರಿಂದ ಈ ಮೋಸಗಳು ನಡೆಯುವ ರೀತಿಯನ್ನು ಬಿಚ್ಚಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲನೆಯದು, ಬಹಳ ಜನರನ್ನು ಬಲಿಗೆಳೆಯುವ ಅಧಿಕಾರಿಯ ವೇಷ. ಫೋನು ಬರುತ್ತದೆ. ತಾನು ಸೈನ್ಯದ ಅಧಿಕಾರಿ, ಕುಟುಂಬದೊಡನೆ ಐದು ದಿನ ಇರಬೇಕಾಗಿದೆ ಎಂದು ಗಂಭೀರವಾದ ದನಿಯಲ್ಲಿ ಹೇಳುತ್ತಾನೆ. ಬಾಡಿಗೆಗೆ ಚೌಕಾಸಿಯಿಲ್ಲ. ನೀರು ಬರುತ್ತದೆಯೆ, ಬಸ್ ನಿಲ್ದಾಣ ಎಷ್ಟು ದೂರ ಎಂಬ ಪ್ರಶ್ನೆಯೂ ಇಲ್ಲ. ಪೂರ್ತಿ ಹಣವನ್ನು ಈಗಲೇ ಕಳುಹಿಸುತ್ತೇನೆ ಎನ್ನುತ್ತಾನೆ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು ಒಂದರ ಹಿಂದೊಂದು ಬರುತ್ತವೆ. ಆಮೇಲೆ, ಸೈನ್ಯದ ಖಾತೆಯಿಂದ ಹಣ ಬರುವ ಪದ್ಧತಿ ಬೇರೆ, ಮೊದಲು ನೀವು ಒಂದು ರೂಪಾಯಿ ಕಳುಹಿಸಿ ನೋಡಿ ಎನ್ನುತ್ತಾನೆ. ಕಳುಹಿಸಿದರೆ ಎರಡು ರೂಪಾಯಿ ಹಿಂದಕ್ಕೆ ಬರುತ್ತದೆ! ನಂಬಿಕೆ ಕುದುರಿತು. ಈಗ ಹತ್ತು ಸಾವಿರದ ಕ್ಯೂಆರ್ ಚಿತ್ರ ಬರುತ್ತದೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೊಡನೆ ಹತ್ತು ಸಾವಿರ ಹೋಯಿತು. ಅಯ್ಯೋ, ತಪ್ಪಾಯಿತು, ಇನ್ನೊಮ್ಮೆ ಮಾಡಿ, ಎರಡೂ ಸೇರಿ ವಾಪಸು ಬರುತ್ತದೆ ಎಂಬ ಸಮಾಧಾನದ ಮಾತಿಗೆ ಇನ್ನೊಂದು ಹತ್ತು ಸಾವಿರವೂ ಹೋಗುತ್ತದೆ. ಅನೇಕ ಮನೆಗಳಲ್ಲಿ ಇದು ತಿಂಗಳ ಸಂಬಳಕ್ಕೂ ಹೆಚ್ಚು.

ಇಲ್ಲಿ ಒಂದೇ ಒಂದು ಸೂತ್ರವನ್ನು ನೆನಪಿಟ್ಟರೆ ಸಾಕು. ಯುಪಿಐ 2016ರಲ್ಲಿ ಬಂದಂದಿನಿಂದ ಇಂದಿನವರೆಗೂ ಅದರಲ್ಲಿ ಹಣ ಪಡೆಯುವವನು ಪಿನ್ ಒತ್ತಬೇಕಾದ ಪ್ರಸಂಗವೇ ಇಲ್ಲ. ಪಿನ್ ಎಂಬುದು ಹಣ ಕೊಡುವವನ ರುಜು. ನಮ್ಮ ಖಾತೆಗೆ ಬರಬೇಕಾದ ಹಣಕ್ಕೆ ನಮ್ಮ ರುಜುವನ್ನು ಕೇಳುವವನು, ಅವನ ಭುಜದ ಮೇಲೆ ಎಷ್ಟು ನಕ್ಷತ್ರಗಳಿದ್ದರೂ, ಠಕ್ಕನೇ ಸರಿ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳಿ ಕಳುಹಿಸುವ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ರಾಷ್ಟ್ರೀಯ ಪಾವತಿ ನಿಗಮವು ಬ್ಯಾಂಕುಗಳಿಗೆ ಸೂಚಿಸಿತು. ಒಂದು ಬಾಗಿಲು ಮುಚ್ಚಿದಂತಾಯಿತು. ಆದರೆ ಕ್ಯೂಆರ್ ಚಿತ್ರದ ಕಿಟಕಿ ಇನ್ನೂ ತೆರೆದೇ ಇದೆ.

ಎರಡನೆಯದು ಹೆಚ್ಚು ಹಣದ ಮೋಸ. ಮೂರು ಸಾವಿರದ ಬದಲು ತಪ್ಪಿ ಮೂವತ್ತು ಸಾವಿರ ಕಳುಹಿಸಿಬಿಟ್ಟೆ, ಮಗು ಆಸ್ಪತ್ರೆಯಲ್ಲಿದೆ, ಉಳಿದುದನ್ನು ಕೂಡಲೇ ಹಿಂದಕ್ಕೆ ಹಾಕಿ ಎಂಬ ಗೋಗರೆತ. ಜೊತೆಗೆ ಹಣ ಹಾಕಿದಂತೆ ತೋರಿಸುವ ಒಂದು ಚಿತ್ರ, ಬ್ಯಾಂಕಿನಿಂದಲೇ ಬಂದಂತೆ ಕಾಣುವ ಒಂದು ಸಂದೇಶ. ಈ ಎರಡನ್ನೂ ಯಾರು ಬೇಕಾದರೂ ಸೃಷ್ಟಿಸಬಹುದು. ನಮ್ಮ ಖಾತೆಯನ್ನು ನಾವೇ ತೆರೆದು ಬಾಕಿ ನೋಡದೆ ಒಂದು ಕಾಸನ್ನೂ ಹಿಂದಿರುಗಿಸಕೂಡದು. ಹಣ ನಿಜವಾಗಿ ಬಂದಿದ್ದರೂ ಬೇರೊಂದು ನಂಬರಿಗೆ ಹಾಕದೆ, ಬಂದ ದಾರಿಯಲ್ಲೇ, ಬ್ಯಾಂಕಿನ ಮೂಲಕವೇ ಹಿಂದಕ್ಕೆ ಹೋಗಲಿ. ಅದು ಇನ್ನೊಬ್ಬ ಬಡವನಿಂದ ಕದ್ದ ಹಣವಾಗಿರಬಹುದು.

ಮೂರನೆಯದು ಕಂಪನಿಯ ಹೊರಗೆ ಕರೆಯುವ ಮೋಸ. ಆ್ಯಪ್‌ನಲ್ಲಿ ಬುಕ್ ಮಾಡಿದವನು, ಕಮಿಷನ್ ಏಕೆ ಕೊಡುತ್ತೀರಿ, ಅದನ್ನು ರದ್ದು ಮಾಡಿ ನೇರವಾಗಿ ಮಾತಾಡೋಣ ಎನ್ನುತ್ತಾನೆ. ಕಂಪನಿಗಳ ಕಮಿಷನ್ನಿನ ಮೇಲೆ ನಮಗೂ ಪ್ರೀತಿಯಿಲ್ಲ. ಆದರೆ ಮುಖ ಕಾಣದ ಅಪರಿಚಿತನೊಡನೆ ಹೀಗೆ ಹೊರಗೆ ಹೋದರೆ ದೂರು ಕೊಡುವುದಕ್ಕೂ ಸ್ಥಳ ಉಳಿಯುವುದಿಲ್ಲ. ಇದರ ತಮ್ಮನೆಂದರೆ ಕಂಪನಿಯ ಹೆಸರಿನಲ್ಲೇ ಬರುವ ಸಂದೇಶ. ನಿಮ್ಮ ಖಾತೆ ನಿಂತುಹೋಗಲಿದೆ, ಈ ಕೊಂಡಿಯನ್ನು ಒತ್ತಿ, ಒಟಿಪಿ ಹೇಳಿ ಎಂದು ಅದು ಹೆದರಿಸುತ್ತದೆ. ಕೊಂಡಿಯನ್ನು ಮುಟ್ಟದೆ, ಆ್ಯಪನ್ನು ನಾವೇ ತೆರೆದು ನೋಡುವುದೇ ಇದಕ್ಕೆ ಮದ್ದು.

ನಾಲ್ಕನೆಯದು ಕೋಣೆಯನ್ನೇ ಕದಿಯುವುದು. ಒಬ್ಬನು ಒಂದು ರಾತ್ರಿ ತಂಗಿ, ಮನೆಯ ಫೋಟೋಗಳನ್ನು ತೆಗೆದುಕೊಂಡು ಹೋಗಿ, ತಾನೇ ಮಾಲೀಕನೆಂದು ಜಾಹೀರಾತು ಹಾಕಿ ಹತ್ತಾರು ಜನರಿಂದ ಮುಂಗಡ ಪಡೆಯುತ್ತಾನೆ. ರಜೆಯ ದಿನ ಬೆಳಿಗ್ಗೆ ಪೆಟ್ಟಿಗೆ, ಮಕ್ಕಳು, ಮುದುಕರ ಸಮೇತ ಸಂಸಾರವೊಂದು ಬಾಗಿಲಲ್ಲಿ ನಿಂತಾಗಲೇ ನಿಜವಾದ ಮಾಲೀಕನಿಗೆ ವಿಷಯ ತಿಳಿಯುವುದು. ಆಗ ಅವರ ಮೇಲೆ ರೇಗಬಾರದು. ಅವರೂ ನಮ್ಮಂತೆಯೇ ಮೋಸಹೋದವರು. ಅವರೊಡನೆ ಸೇರಿ ದೂರು ಕೊಡಬೇಕು. ನಮ್ಮ ಮನೆಯ ಚಿತ್ರ ಬೇರೆಯವರ ಹೆಸರಿನಲ್ಲಿ ಓಡಾಡುತ್ತಿದೆಯೆ ಎಂದು ಆಗಾಗ ನೋಡುತ್ತಿರುವುದೂ ಒಳ್ಳೆಯದು.

ಇನ್ನು ಬಾಗಿಲಿಗೆ ಬಂದವರ ವಿಚಾರ. ಬುಕ್ ಮಾಡಿದವನೊಬ್ಬ, ಬಂದವನು ಇನ್ನೊಬ್ಬ. ಇಬ್ಬರೆಂದು ಹೇಳಿ ಹತ್ತು ಮಂದಿ ಬಂದರು. ಗುರುತಿನ ಚೀಟಿ ಕೇಳಿದರೆ ಆಮೇಲೆ ಎನ್ನುತ್ತಾರೆ. ಮನೆಯವರು ರಾತ್ರಿ ಇರುತ್ತಾರೆಯೇ ಎಂದು ಮೊದಲೇ ವಿಚಾರಿಸುತ್ತಾರೆ. ಇಂಥವನ್ನು ಗಮನಿಸಬೇಕು. ಆಧಾರ್ ಚೀಟಿಯ ಮೇಲಿನ ಕ್ಯೂಆರ್ ಗುರುತನ್ನು ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಚೀಟಿ ಅಸಲಿಯೋ ನಕಲಿಯೋ ತಿಳಿಯುತ್ತದೆ. ಬಂದವರ ಹೆಸರು, ಊರು, ಬಂದ ವೇಳೆ, ಹೋದ ವೇಳೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ವಿದೇಶೀಯರು ತಂಗಿದರೆ 24 ಗಂಟೆಗಳೊಳಗೆ ಸರ್ಕಾರಕ್ಕೆ ತಿಳಿಸಬೇಕಾದುದು ಕಾನೂನು.

ಇಷ್ಟು ಹೇಳಿದ ಮೇಲೆ, ಹೇಳಲೇಬೇಕಾದ ಇನ್ನೊಂದು ಮಾತಿದೆ. ಎಚ್ಚರದ ಹೆಸರಿನಲ್ಲಿ ನಮ್ಮಲ್ಲಿ ಕೆಲವರು ಮಾಡುತ್ತಿರುವುದೇನು? ಹೆಸರು ಕೇಳಿ ಮುಸಲ್ಮಾನನೆಂದು ತಿಳಿದರೆ ಕೋಣೆ ಖಾಲಿಯಿಲ್ಲ. ಮಾತಿನ ನಡುವೆ ಜಾತಿ ವಿಚಾರಿಸಿ, ಹಿಡಿಸದಿದ್ದರೆ ಖಾಲಿಯಿಲ್ಲ. ಈಶಾನ್ಯ ರಾಜ್ಯದ ಹುಡುಗನ ಮುಖ ಕಂಡರೆ ಖಾಲಿಯಿಲ್ಲ. ಮಾಸಿದ ಅಂಗಿಯ ಕೂಲಿಯವನು ತಾಯಿಯನ್ನು ಆಸ್ಪತ್ರೆಗೆ ಕರೆತಂದಿದ್ದರೂ ಖಾಲಿಯಿಲ್ಲ. ಅದೇ ಮನೆಯವರು ಫೋನಿನಲ್ಲಿ ಕರ್ನಲ್ ಎಂಬ ಶಬ್ದ ಕೇಳಿದೊಡನೆ ಎದ್ದು ನಿಂತು ಪಿನ್ ಒತ್ತುತ್ತಾರೆ! ಠಕ್ಕನು ನಮ್ಮ ಸಮಾಜವನ್ನು ಚೆನ್ನಾಗಿ ಓದಿಕೊಂಡಿದ್ದಾನೆ. ಇಲ್ಲಿ ಬಡವನ ಮೇಲೆ ಸಂಶಯ, ಅಧಿಕಾರದ ಮುಂದೆ ನಮಸ್ಕಾರ ಎಂಬುದು ಅವನಿಗೆ ಗೊತ್ತು. ಅದಕ್ಕಾಗಿಯೇ ಅವನು ಕೂಲಿಯವನ ವೇಷ ಹಾಕದೆ ಅಧಿಕಾರಿಯ ವೇಷ ಹಾಕುತ್ತಾನೆ. ನಿಜವಾದ ಸೈನಿಕನಿಗೂ ಇದರಿಂದ ಅವಮಾನ. ಸಂಶಯ ಪಡಬೇಕಾದುದು ನಡತೆಯನ್ನು, ಹುಟ್ಟನ್ನಲ್ಲ. ಅವಸರ, ಪಿನ್, ಒಟಿಪಿ, ಹೆಚ್ಚು ಹಣ, ಕಾಣದ ಗುರುತಿನ ಚೀಟಿ, ಇವಿಷ್ಟೇ ಲಕ್ಷಣಗಳು. ಇವುಗಳಲ್ಲಿ ಯಾವುದಕ್ಕೂ ಜಾತಿಯಿಲ್ಲ, ಧರ್ಮವಿಲ್ಲ.

ಮೋಸಹೋದವರು ಒಂದು ನಿಮಿಷವನ್ನೂ ಕಳೆಯದೆ 1930 ನಂಬರಿಗೆ ಫೋನು ಮಾಡಬೇಕು. ತಮ್ಮ ಬ್ಯಾಂಕಿಗೂ ತಿಳಿಸಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತ ಹೋಗುತ್ತದೆ. ಅದು ನಗದಾಗುವ ಮೊದಲೇ ತಡೆಹಿಡಿದರೆ ಉಳಿಯುವ ಸಂಭವವುಂಟು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವಿಲ್ಲ. ವೇಷ ಮರೆಸಿ ಕಂಪ್ಯೂಟರು, ಫೋನುಗಳ ಮೂಲಕ ವಂಚಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ ಮೂರು ವರ್ಷಗಳವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಉಂಟು. ತಿಂಗಳಿಗಿಷ್ಟು ಕೊಡುತ್ತೇವೆ, ನಿನ್ನ ಬ್ಯಾಂಕ್ ಖಾತೆ ನಮಗಿರಲಿ ಎಂದು ಕೇಳುವವರ ಬಲೆಗೆ ನಮ್ಮ ಯುವಕರು ಬೀಳದಿರಲಿ. ಕಳ್ಳನ ಹಣ ಅವರ ಖಾತೆಯಲ್ಲಿ ಸಿಕ್ಕಿದರೆ ಠಾಣೆಗೆ ಹೋಗುವವರು ಅವರೇ.

ಆದರೆ ಎಲ್ಲ ಎಚ್ಚರವನ್ನೂ ಬಡವನ ತಲೆಗೆ ಕಟ್ಟಿ ಸರ್ಕಾರ, ಬ್ಯಾಂಕು, ಕಂಪನಿಗಳು ಕೈತೊಳೆದುಕೊಳ್ಳುವುದು ಸಲ್ಲದು. ಗ್ರಾಹಕನ ಅಜಾಗರೂಕತೆಯಿಂದ ಗುಟ್ಟು ಹೊರಬಿದ್ದಿದ್ದರೆ, ದೂರು ಕೊಡುವವರೆಗಿನ ನಷ್ಟ ಅವನದೇ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ಓದುಬರಹ ಅಷ್ಟಾಗಿ ಇಲ್ಲದ ಹೆಂಗಸಿನ ಕೈಗೆ ಇಂಗ್ಲಿಷಿನ ಆ್ಯಪ್ ಕೊಟ್ಟು, ಮೋಸಹೋದಾಗ ಅದನ್ನು ಅಜಾಗರೂಕತೆ ಎನ್ನುವುದು ಯಾವ ನ್ಯಾಯ? ಪಿನ್ ಒತ್ತುವ ಪರದೆಯ ಮೇಲೆ, ನಿಮ್ಮ ಹಣ ಹೋಗುತ್ತಿದೆ ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರಲಿ. ಪ್ರತಿ ಬುಕಿಂಗಿನಿಂದಲೂ ಪಾಲು ಪಡೆಯುವ ಕಂಪನಿ, ತನ್ನ ಮೂಲಕ ಬಂದ ಠಕ್ಕನಿಂದಾದ ನಷ್ಟದಲ್ಲೂ ಪಾಲು ಹೊರಲಿ. ಇವು ನಮ್ಮ ಬೇಡಿಕೆಗಳು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಒಂಟಿ ಮನೆಯೇ ಠಕ್ಕನಿಗೆ ಬೇಟೆ. ಒಂದು ಬೀದಿಯಲ್ಲಿ ಕೋಣೆ ಕೊಡುವವರು ಐದು ಮನೆಯವರಿದ್ದರೆ ಐವರೂ ವಾರಕ್ಕೊಮ್ಮೆ ಸೇರಲಿ. ಮೋಸದ ಫೋನು ಬಂದ ನಂಬರನ್ನು ಒಂದು ಪುಸ್ತಕದಲ್ಲಿ ಬರೆದು ಬೀದಿಯ ಅಂಗಡಿಯಲ್ಲಿಡಲಿ. ಮೋಸಹೋದವನನ್ನು ಹಂಗಿಸದೆ ಅವನ ಜೊತೆ ಠಾಣೆಗೆ ನಡೆಯಲಿ. ಗಿರಣಿಯಲ್ಲಿ ಒಬ್ಬನ ಕೂಲಿಗೆ ಕತ್ತರಿ ಬಿದ್ದಾಗ ಎಲ್ಲರೂ ಗೇಟಿನ ಮುಂದೆ ನಿಂತವರಿಗೆ ಈ ಪಾಠವನ್ನು ನಾವು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.