ಟಿಕೆಟ್ ಕೊಡುವವರು ಯಾರು?

ಚನ್ನರಾಯಪಟ್ಟಣದಿಂದ ಹಾಸನದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಓಡಾಡುವವನು ನಾನು. ಚುನಾವಣೆ ಹತ್ತಿರ ಬಂತೆಂದರೆ ಬಸ್ಸಿನ ತುಂಬ ಒಂದೇ ಪ್ರಶ್ನೆ: 'ಈ ಸಲ ಟಿಕೆಟ್ ಯಾರಿಗಂತೆ?' ಅರಕಲಗೂಡಿನ ಗೆಳೆಯನ ಊರಲ್ಲೂ ಇದೇ ಮಾತು. 'ಯಾರಿಗೆ ಕೊಡಬೇಕು?' ಎಂದು ಮಾತ್ರ ನಮ್ಮನ್ನು ಯಾರೂ ಕೇಳುವುದಿಲ್ಲ.

2024ರಲ್ಲಿ ಮೊದಲ ಬಾರಿ ಮತ ಹಾಕಿದೆ. ಹಾಸನ ಲೋಕಸಭಾ ಕ್ಷೇತ್ರದ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಹೊಳೆನರಸೀಪುರದ ರಾಜಕೀಯ ಕುಟುಂಬಗಳವರು. 1999ರಲ್ಲಿ ಇದೇ ಕ್ಷೇತ್ರದಲ್ಲಿ ಎದುರಾಳಿಗಳಾಗಿದ್ದ ಎಚ್.ಡಿ. ದೇವೇಗೌಡ ಮತ್ತು ಜಿ. ಪುಟ್ಟಸ್ವಾಮಿಗೌಡರ ಮೊಮ್ಮಕ್ಕಳು. ಗೆಲ್ಲಿಸುವ, ಸೋಲಿಸುವ ಅಧಿಕಾರ ನಮಗಿತ್ತು, ನಿಜ. ಆದರೆ ಕಣಕ್ಕೆ ಯಾರು ಇಳಿಯಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು.

ಅಮೆರಿಕದಲ್ಲಿ 'ಪ್ರೈಮರಿ' ಎಂಬ ಒಳಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುತ್ತಾರೆ. 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಇದನ್ನು ನಮ್ಮಲ್ಲೂ ಪ್ರಯೋಗಿಸಿತು. ರಾಜ್ಯದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಕ್ಷೇತ್ರಗಳಲ್ಲಿ ಪಕ್ಷದ ಪದಾಧಿಕಾರಿಗಳು ಮತ ಹಾಕಿ ಸಿ. ನಾರಾಯಣಸ್ವಾಮಿ, ಬಿ. ಜನಾರ್ದನ ಪೂಜಾರಿ ಅವರನ್ನು ಆರಿಸಿದರು. ಚುನಾವಣೆಯಲ್ಲಿ ಇಬ್ಬರೂ ಸೋತರು. ಪ್ರಯೋಗವೂ ಮುಂದುವರಿಯಲಿಲ್ಲ.

ನಮ್ಮ ಲ್ಯಾಬಿನಲ್ಲಿ ಒಮ್ಮೆ ರೀಡಿಂಗ್ ತಪ್ಪಿದರೆ ಪ್ರಯೋಗವನ್ನೇ ಕೈಬಿಡುವುದಿಲ್ಲ, ತಪ್ಪು ಹುಡುಕಿ ಮತ್ತೆ ಮಾಡಿಸುತ್ತಾರೆ. ಹಣ ಕೊಟ್ಟು ಸದಸ್ಯರನ್ನು ಸೇರಿಸುವ ಅಪಾಯ ಇಲ್ಲಿಯೂ ಇದೆ. ಮತದಾನಕ್ಕೆ ಒಂದು ವರ್ಷ ಮೊದಲೇ ಸದಸ್ಯರಾದವರಿಗಷ್ಟೇ ಅವಕಾಶ ಕೊಟ್ಟರೆ ಅದು ತಗ್ಗೀತು.

ಸದಸ್ಯತ್ವ ಅಭಿಯಾನವೆಂದು ಪಕ್ಷದವರು ಮನೆ ಬಾಗಿಲಿಗೆ ಬಂದಾಗ ನಾವು ಯುವಕರು ಒಂದೇ ಪ್ರಶ್ನೆ ಕೇಳೋಣ: 'ಸದಸ್ಯನಾದರೆ ಅಭ್ಯರ್ಥಿಯ ಆಯ್ಕೆಯಲ್ಲಿ ನನಗೂ ಒಂದು ಮತ ಇದೆಯೇ?'