ಮರದ ಪೆಟ್ಟಿಗೆಗೂ ಮೋಟರಿಗೂ ಒಂದೇ ಸೆಕ್ಷನ್ನಾ?

ಕಪ್ಪತಗುಡ್ಡದ ಸುತ್ತ ಜೋರು ಮಳೆಯಾದರೆ ನಮ್ಮಂಥ ಸ್ಟ್ರಿಂಗರ್‌ಗಳ ಕೈಯಲ್ಲಿ ಒಂದು ತಲೆಬರಹ ರೆಡಿ ಇರುತ್ತದೆ: 'ಹಳ್ಳದಲ್ಲಿ ಚಿನ್ನದ ಬೇಟೆ'. ನಾನೂ ಬರೆದಿದ್ದೇನೆ, ಎರಡು ಸಲ. ಎರಡು ಸಲವೂ ತಪ್ಪು ಮಾಡಿದೆ ಎಂದು ಈಗ ಅನ್ನಿಸುತ್ತಿದೆ. ಅದಕ್ಕೆ ಕಾರಣ ಒಂದು ತಗಡಿನ ಪೆಟ್ಟಿಗೆ.

ಮುಂಡರಗಿ ಕಡೆಯ ಒಬ್ಬ ಹುಡುಗ, ಐಟಿಐ ಓದಿದವನು, ಕಳೆದ ವರ್ಷ ತಾನೇ ಮಾಡಿದ ಸ್ಲೂಯಿಸ್ ಬಾಕ್ಸ್ ತೋರಿಸಿದ. ಗೊತ್ತಿಲ್ಲದವರಿಗೆ ಹೇಳುವುದಾದರೆ ಅದೊಂದು ಇಳಿಜಾರು ದೋಣಿ. ತಳದಲ್ಲಿ ಅಡ್ಡಪಟ್ಟಿ ಇರುತ್ತವೆ. ಉಸುಕು ಹಾಕಿ ನೀರು ಬಿಟ್ಟರೆ ಹಗುರಾದದ್ದು ಹರಿದು ಹೋಗುತ್ತದೆ, ಭಾರವಾದದ್ದು ಪಟ್ಟಿಯ ಹಿಂದೆ ಕೂರುತ್ತದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲಿನ ಉಸುಕು ಎರಡೂವರೆ ಪಟ್ಟು ಚಿಲ್ಲರೆ. ಇಡೀ ವಿದ್ಯೆ ಈ ವ್ಯತ್ಯಾಸದ ಮೇಲೆ ನಿಂತಿದೆ.

ಅವನ ಪೆಟ್ಟಿಗೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. 'ಮೋಟರ್ ಹಚ್ಚಿ ಹೆಚ್ಚು ಮಣ್ಣು ಹೊಡದ್ರ ಸಿಗತೈತಿ ಅಂತಾರ್ರಿ ವಿಡಿಯೊದಾಗ. ಕಡೀಕ ಪಾದರಸ ಹಾಕಿದ್ರ ಮುಗೀತು' ಎಂದ. ಇಂಪ್ರೂವ್‌ಮೆಂಟ್ ಅಂದರೆ ಅವನಿಗೆ ಈ ಎರಡೇ ಹೊಳೆದಿದ್ದವು.

ನಾವು ಹಳ್ಳಕ್ಕೆ ಹೋಗಲಿಲ್ಲ. ಅವನ ಹೊಲದ ಕೃಷಿಹೊಂಡದ ದಂಡೆಯಲ್ಲೇ ಕೂತೆವು. ಮೀನಿನ ಬಲೆಯ ಸೀಸದ ಗುಂಡನ್ನು ಜೋಳದ ನುಚ್ಚಿನಷ್ಟು ಸಣ್ಣಗೆ ಕತ್ತರಿಸಿ, ಎಣಿಸಿ ಹತ್ತು ಚೂರು ಉಸುಕಿನಲ್ಲಿ ಕಲಸಿ ಪೆಟ್ಟಿಗೆಗೆ ಹಾಕಿದೆವು. ಸೀಸ ನೀರಿಗಿಂತ 11 ಪಟ್ಟು ಭಾರ, ಚಿನ್ನಕ್ಕಿಂತ ಹಗುರು. ಅಷ್ಟೇ ಸಣ್ಣ ಸೀಸ ನಿಂತರೆ ಚಿನ್ನ ನಿಲ್ಲಲೇಬೇಕು. ಮೂರು ನಿಂತವು, ಏಳು ಹೊಂಡ ಸೇರಿದವು.

ಮೊದಲು ಇಳಿಜಾರು ತಗ್ಗಿಸಿದೆವು. ದೋಣಿಯನ್ನು ಗುಡ್ಡದ ಹಾಗೆ ನಿಲ್ಲಿಸಿದ್ದ. ಒಂದು ಅಡಿ ಉದ್ದಕ್ಕೆ ಸುಮಾರು ಒಂದು ಇಂಚು ಇಳಿಜಾರು ಸಾಕು. ನೀರು ಪಟ್ಟಿಗಳ ಮೇಲೆ ತೆಳ್ಳಗೆ ಹರಿಯಬೇಕು, ಪ್ರತಿ ಪಟ್ಟಿಯ ಹಿಂದೆ ಸಣ್ಣ ಸುಳಿ ಏಳಬೇಕು. ಸುಳಿಯ ಜಾಗ ಉಸುಕಿನಿಂದ ಬಿಗಿದುಕೊಂಡಿದ್ದರೆ ನೀರು ಸಾಲದು ಎಂದರ್ಥ, ಪೂರ್ತಿ ಖಾಲಿಯಾದರೆ ಹೆಚ್ಚಾಯಿತು. ಆಮೇಲೆ ಸಾಣಿಗೆ: ಕಡಲೆಕಾಳಿಗಿಂತ ದೊಡ್ಡ ಹರಳು ಪೆಟ್ಟಿಗೆಗೆ ಬೀಳಲೇಬಾರದು, ಏಕೆಂದರೆ ದೊಡ್ಡ ಕಲ್ಲಿಗೆ ಬೇಕಾದ ಜೋರು ನೀರು ಸಣ್ಣ ಚಿನ್ನವನ್ನೂ ಎತ್ತಿಕೊಂಡು ಹೋಗುತ್ತದೆ. ಪಟ್ಟಿಗಳ ಕೆಳಗೆ ಹಳೇ ಕಾರಿನ ಗೀರುಗಳಿದ್ದ ರಬ್ಬರ್ ಮ್ಯಾಟ್ ಹಾಸಿದೆವು. ಜೇಡಿಯ ಉಂಡೆಗಳನ್ನು ಮೊದಲೇ ಬಕೆಟ್‌ನಲ್ಲಿ ಕಿವುಚಿದೆವು. ಉಂಡೆ ಹಾಗೇ ಉರುಳಿದರೆ ಒಳಗಿದ್ದದ್ದನ್ನೂ ಕರೆದುಕೊಂಡೇ ಹೋಗುತ್ತದೆ. ಸಲಿಕೆಯಿಂದ ಸುರಿಯುವುದನ್ನು ಬಿಟ್ಟು ಬೊಗಸೆ ಬೊಗಸೆ ಹಾಕಿದೆವು.

ನಾಲ್ಕನೇ ಸಲಕ್ಕೆ ಒಂಬತ್ತು ಚೂರು ನಿಂತವು. ಮೋಟರ್ ಇಲ್ಲ, ಪಾದರಸ ಇಲ್ಲ. ಖರ್ಚು ಒಂದು ಮಧ್ಯಾಹ್ನ.

ಇಷ್ಟು ಸಣ್ಣ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಈ ವಿದ್ಯೆ ಇಲ್ಲಿಯದೇ ಎಂಬುದು ಇದರಲ್ಲಿನ ತಮಾಷೆ. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಚಿನ್ನದ ಬಗ್ಗೆ ಬರೆದಾಗ, ಸೊರಟೂರು ಕಡೆಯ ಹಳ್ಳಗಳಲ್ಲಿ ಉಸುಕು ತೊಳೆಯುತ್ತಿದ್ದ ಜಲಗಾರರ ಬಗ್ಗೆಯೂ ಬರೆದ. ಇಳಿಜಾರಾಗಿ ಇಟ್ಟ ಮರದ ಪೆಟ್ಟಿಗೆ, ಕೊನೆಗೆ ತೊಳೆಯಲು ಮರಿಗೆ. ಈಗ ಜಲಗಾರ ಎಂದರೆ ನಮಗೆ ನೆನಪಾಗುವುದು ಕುವೆಂಪು ನಾಟಕದ ಬೀದಿ ಗುಡಿಸುವವನು ಮಾತ್ರ. ಚಿನ್ನ ತೊಳೆಯುವ ಜಲಗಾರ ನಿಘಂಟಿನಲ್ಲಿ ಉಳಿದಿದ್ದಾನೆ.

ನಾನು ಜಗಳಕ್ಕೆ ಬರುವುದು ಇಲ್ಲಿಗೇ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಚಿನ್ನ ಹುಡುಕುವುದು, ತೆಗೆಯುವುದು ಎರಡೂ ಅಪರಾಧ. ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ ಐದು ಲಕ್ಷದವರೆಗೆ ದಂಡ. ಪರವಾನಗಿ ಇರುವುದು ಕಂಪನಿಗಳ ಅಳತೆಗೆ. ಮರಿಗೆ ಹಿಡಿದವನು ಅರ್ಜಿ ಹಾಕುವ ಫಾರಂ ಇಲ್ಲ. ಅಂದಮೇಲೆ ಮರಿಗೆ ಹಿಡಿದವನಿಗೂ ಐದು ಎಚ್‌ಪಿ ಪಂಪು ತಂದವನಿಗೂ ಸೆಕ್ಷನ್ ಒಂದೇ. ಹೇಗೂ ಕೇಸ್ ಬೀಳುವುದೇ ಆದರೆ ಹಗಲು ಹೊತ್ತು ಕೂತು ಬೊಗಸೆಯಲ್ಲಿ ಯಾರು ಹಾಕುತ್ತಾರೆ? ರಾತ್ರಿ ಬರುತ್ತಾರೆ, ಮೋಟರ್ ತರುತ್ತಾರೆ, ಬೇಗ ಮುಗಿಯಲಿ ಅಂತ ಪಾದರಸ ಸುರಿಯುತ್ತಾರೆ. ಮನುಷ್ಯನನ್ನು ಆ ಅವಸರಕ್ಕೆ ತಳ್ಳುತ್ತಿರುವುದು ಕಾನೂನೇ ಎಂಬುದು ನನ್ನ ವಾದ.

ಪಾದರಸ ಅಂದರೆ ಏನೆಂದು ಗೊತ್ತಿರಲಿ. ಅದು ಚಿನ್ನದ ಪುಡಿಯನ್ನು ಹಿಡಿದು ಉಂಡೆಯಾಗುತ್ತದೆ, ಉಂಡೆಯನ್ನು ಕಾಯಿಸಿದರೆ ಆವಿಯಾಗಿ ಹೋಗುತ್ತದೆ. ಹೋಗುವುದು ಕಾಯಿಸುವವನ ಮೂಗಿಗೆ, ಒಲೆಯ ಪಕ್ಕ ಕೂತ ಮಗುವಿನ ಮೂಗಿಗೆ. ಹಳ್ಳಕ್ಕೆ ಚೆಲ್ಲಿದ್ದು ಮೀನಿನ ಮೈ ಸೇರುತ್ತದೆ. ಜಗತ್ತಿನಲ್ಲಿ ಮನುಷ್ಯ ಗಾಳಿಗೆ ಬಿಡುವ ಪಾದರಸದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಇಂಥ ಸಣ್ಣ ಚಿನ್ನದ ಕೆಲಸದ್ದೇ ಎಂದು ವಿಶ್ವಸಂಸ್ಥೆಯ 2018ರ ವರದಿ ಲೆಕ್ಕ ಕೊಟ್ಟಿದೆ. ಭಾರತ ಮಿನಮಾಟ ಒಪ್ಪಂದವನ್ನು ಅನುಮೋದಿಸಿದ್ದೂ ಅದೇ ವರ್ಷ. ಪಾದರಸವೇ ಬೇಡ ಎಂಬ ದಾರಿಯೂ ಇದೆ. ಫಿಲಿಪ್ಪೀನ್ಸ್‌ನ ಬೆಂಗೆಟ್ ಪ್ರಾಂತ್ಯದ ಸಣ್ಣ ಗಣಿಗಾರರು ತೊಳೆದು ಉಳಿದ ಭಾರದ ಪುಡಿಗೆ ಬಿಳಿಗಾರ ಹಾಕಿ ಕರಗಿಸಿ ಚಿನ್ನ ತೆಗೆಯುತ್ತಾರೆ. ಬಿಳಿಗಾರ ನಮ್ಮ ಪತ್ತಾರರ ಅಂಗಡಿಯಲ್ಲೇ ಇದೆ.

ಬೇರೆ ಕಡೆ ಈ ಎರಡನ್ನೂ ಬೇರೆ ಮಾಡಿ ನೋಡುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಆ್ಯರೋ ನದಿಯಂಥ ಕೆಲವು ಜಾಗಗಳನ್ನು ಗುರುತಿಸಿ, ಮೋಟರ್ ಇಲ್ಲದ ಕೈ ಸಲಕರಣೆಗೆ ಯಾರಿಗಾದರೂ ಬಿಟ್ಟಿದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 'ಮೈನರ್ಸ್ ರೈಟ್' ಎಂಬ ಚೀಟಿ ಕೊಳ್ಳಬಹುದು, ಕೈ ಸಲಕರಣೆಗಷ್ಟೇ. ಕ್ಯಾಲಿಫೋರ್ನಿಯಾ 2009ರಲ್ಲಿ ನದಿ ತಳ ಹೀರುವ ಮೋಟರ್ ಡ್ರೆಜ್‌ಗಳಿಗೆ ತಡೆ ಹಾಕಿತು, ಕೈಯಲ್ಲಿ ತೊಳೆಯುವವರನ್ನು ಬಿಟ್ಟಿತು.

ಕಪ್ಪತಗುಡ್ಡ ಉಳಿಸಲು ಹೋರಾಡಿದ ಗೆಳೆಯರು ಇದನ್ನು ಓದಿ ಸಿಟ್ಟಾಗುತ್ತಾರೆ ಎಂದು ಗೊತ್ತು. 2015ರಲ್ಲಿ ಸಂರಕ್ಷಿತ ಪ್ರದೇಶವಾಗಿ, 2016ರಲ್ಲಿ ಅದೂ ರದ್ದಾಗಿ, 2017ರಲ್ಲಿ ಮತ್ತೆ ಬಂದು, 2019ರಲ್ಲಿ ವನ್ಯಧಾಮವಾದ ಗುಡ್ಡ ಅದು. ಅದರೊಳಗೆ ಮರಿಗೆಯೂ ಬೇಡ, ಆ ಮಾತಿನಲ್ಲಿ ನಾನೂ ನಿಮ್ಮ ಜೊತೆಗೇ ಇದ್ದೇನೆ. ನಾನು ಕೇಳುತ್ತಿರುವುದು ವನ್ಯಧಾಮದ ಹೊರಗೆ, ಮಳೆ ಇಳಿದ ಮೇಲೆ, ಪಂಚಾಯಿತಿ ಗುರುತಿಸಿದ ಹಳ್ಳದ ಒಂದು ತುಂಡು. ದಂಡೆ ಕೆತ್ತುವಂತಿಲ್ಲ, ಮೋಟರ್ ಇಲ್ಲ, ಪಾದರಸ ಸಿಕ್ಕರೆ ಚೀಟಿ ರದ್ದು. ಒಬ್ಬರಿಗೆ ಬಿಟ್ಟರೆ ನೂರು ಜನ ಬರುತ್ತಾರೆ ಎನ್ನುತ್ತಾರೆ. ಬರಲಿ. ದಿನವಿಡೀ ಬೆನ್ನು ಬಗ್ಗಿಸಿ ಒಂದು ಅಕ್ಕಿಕಾಳಿನಷ್ಟೂ ಸಿಗದಿದ್ದಾಗ ತೊಂಬತ್ತು ಜನ ವಾಪಸ್ ಹೋಗುತ್ತಾರೆ. ಉಳಿದ ಹತ್ತು ಜನರ ಹೆಸರು ರಿಜಿಸ್ಟರ್‌ನಲ್ಲಿರುತ್ತದೆ. ರಾತ್ರಿ ಬರುವವರ ಹೆಸರು ಈಗ ಯಾರ ಹತ್ತಿರ ಇದೆ?

ಒಬ್ಬ ಅಧಿಕಾರಿಗೆ ಇದನ್ನೇ ಕೇಳಿದೆ. ನಕ್ಕು, 'ನೀವೂ ಪೆಟ್ಟಿಗೆ ಮಾಡಿಸೀರೇನ್ರಿ?' ಎಂದರು.

ಸೀಸದ ಚೂರಿನ ಕಥೆಯನ್ನು ಪತ್ರಿಕೆಗೂ ಕಳಿಸಿದ್ದೆ. ಡೆಸ್ಕ್‌ನಿಂದ ಫೋನ್ ಬಂತು. 'ಚಿನ್ನದ ಪೆಟ್ಟಿಗೆ ಮಾಡಿದ ಹಳ್ಳಿ ಯುವಕ' ಅಂತ ಮಾಡೋಣ, ಹುಡುಗನ ಫೋಟೊ, ಊರಿನ ಹೆಸರು ಕಳಿಸಿ ಎಂದರು. ಕಳಿಸಲಿಲ್ಲ. ಸುದ್ದಿ ಬರಲಿಲ್ಲ.