ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ?

‘ಮುಟ್ಟು ಎಂದ ಮೇಲೆ ನೋವು ಇದ್ದದ್ದೇ, ಸಹಿಸಿಕೋ’ ಎಂದು ತಾಯಂದಿರು ಹೇಳುತ್ತಲೇ ಬಂದಿದ್ದಾರೆ. ಸಹೋದರಿಯರೇ, ಒಂದೆರಡು ದಿನದ ಸಾಧಾರಣ ನೋವಿಗೆ ಆ ಮಾತು ಸರಿಯಿರಬಹುದು. ಆದರೆ ಮೂವತ್ತು ದಾಟಿದ ಮೇಲೆ ನೋವು ಏರುತ್ತಲೇ ಇದ್ದರೆ, ಸ್ರಾವ ಹೆಚ್ಚಿ ಗಡ್ಡೆಗಳು ಬೀಳುತ್ತಿದ್ದರೆ ಅದು ಅಡಿನೋಮಯೋಸಿಸ್ ಇರಬಹುದು.

ಗರ್ಭಕೋಶದ ಒಳಪೊರೆ ಪ್ರತಿ ತಿಂಗಳು ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಈ ಕಾಯಿಲೆಯಲ್ಲಿ ಅಂತಹದೇ ಅಂಗಾಂಶ ಗರ್ಭಕೋಶದ ಸ್ನಾಯುಗೋಡೆಯೊಳಗೆ ಸೇರಿಕೊಂಡಿರುತ್ತದೆ. ಅಲ್ಲಿ ಒಸರಿದ ರಕ್ತಕ್ಕೆ ದಾರಿಯಿಲ್ಲ. ಶರೀರ ಅದನ್ನು ಗಾಯವೆಂದೇ ತಿಳಿದು ಮಾಯಿಸಲು ಹೊರಡುತ್ತದೆ. ಮಾಯುವ ಮೊದಲೇ ಮುಂದಿನ ಮುಟ್ಟು ಬಂದಿರುತ್ತದೆ. ಅರೇಹಳ್ಳಿಯ ಕಾಫಿ ತೋಟಗಳಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಜಾಗ ಮತ್ತೆ ಮತ್ತೆ ಉಜ್ಜಿದರೆ ಅಂಗೈ ಜಡ್ಡುಗಟ್ಟುವುದಿಲ್ಲವೇ? ಹೋಲಿಕೆ ಪೂರ್ತಿ ಸರಿಯಲ್ಲ, ಆದರೂ ಒಳಗೆ ನಡೆಯುವುದು ಹೆಚ್ಚುಕಡಿಮೆ ಅದೇ. ಮೃದುವಾದ ಗೋಡೆಯಲ್ಲಿ ನಾರಿನಂತಹ ಗಟ್ಟಿ ಕಲೆ ಬೆಳೆಯುತ್ತದೆ. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ಅದು ಹೆಚ್ಚಿದಷ್ಟೂ ನೋವು ತೀವ್ರವಾಗುತ್ತದೆ, ಹಾರ್ಮೋನ್ ಔಷಧಿಗಳು ನಾಟುವುದು ಕಡಿಮೆಯಾಗುತ್ತದೆ ಎಂದು ಇತ್ತೀಚಿನ ಸಂಶೋಧನೆಗಳು ಸೂಚಿಸುತ್ತವೆ. ಆದ್ದರಿಂದಲೇ ಸಹಿಸಿಕೊಂಡು ಕೂರುವುದು ಜಾಣತನವಲ್ಲ.

ವಿಯೆನ್ನಾದ ವೈದ್ಯ ರೊಕಿಟಾನ್‌ಸ್ಕಿ 1860ರಲ್ಲೇ ಇದನ್ನು ವರ್ಣಿಸಿದ್ದರು. ಆದರೂ ಬಹುಕಾಲ ಗರ್ಭಕೋಶ ತೆಗೆದು ಪರೀಕ್ಷಿಸಿದ ಮೇಲಷ್ಟೇ ಕಾಯಿಲೆ ಖಚಿತವಾಗುತ್ತಿತ್ತು. ಈಗ ಸ್ಕ್ಯಾನಿಂಗ್‌ನಲ್ಲೇ ಬಹುಮಟ್ಟಿಗೆ ಗೊತ್ತಾಗುತ್ತದೆ. ಬೇಲೂರಿನ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಹಾಸನದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬಹುದು.

ವರದಿಯಲ್ಲಿ ‘ಬಲ್ಕಿ ಯೂಟರಸ್’ ಎಂದು ಕಂಡ ತಕ್ಷಣ ಆಪರೇಷನ್‌ಗೆ ಹೂಂಗುಟ್ಟಬೇಡಿ. ಗರ್ಭಕೋಶ ದಪ್ಪಗಿದೆ ಎಂದಷ್ಟೇ ಅದರ ಅರ್ಥ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಎಷ್ಟೋ ಮಹಿಳೆಯರು ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡದ್ದು 2015ರಲ್ಲಿ ಬಯಲಾಗಿತ್ತು. ಆಪರೇಷನ್ ಬೇಕೇ ಬೇಕಾದವರೂ ಇದ್ದಾರೆ, ಆದರೆ ಅದು ಕೊನೆಯ ಮೆಟ್ಟಿಲು. ಅದಕ್ಕೂ ಮೊದಲು ಮೆಫೆನಮಿಕ್ ಆಸಿಡ್‌ನಂತಹ ನೋವಿನ ಮಾತ್ರೆ, ಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್, ಹಾರ್ಮೋನ್ ಮಾತ್ರೆ ಡೈನೋಜೆಸ್ಟ್ ಇವೆ. ವೈದ್ಯರನ್ನು ಕೇಳದೆ ಯಾವುದನ್ನೂ ನುಂಗಬಾರದು. ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನ್ ಸಾಧನವೂ ಉಂಟು. ಹೆಸರು ಕೇಳಿದೊಡನೆ ಅನೇಕರು ಕಾಪರ್-ಟಿ ಎಂದು ಹೆದರುತ್ತಾರೆ. ಕಾಪರ್-ಟಿ ಸ್ರಾವವನ್ನು ಹೆಚ್ಚಿಸಬಹುದು, ಇದು ತಗ್ಗಿಸುತ್ತದೆ. ಆದರೆ ಅದು ಇರುವಷ್ಟು ಕಾಲ ಗರ್ಭ ನಿಲ್ಲದು. ಮಗು ಬೇಕೆನ್ನುವವರು ಅದನ್ನು ಮೊದಲೇ ಹೇಳಿಬಿಡಬೇಕು.

ವೈದ್ಯರ ಬಳಿ ಹೋಗುವಾಗ ಕಳೆದ ಮೂರು ತಿಂಗಳ ಮುಟ್ಟಿನ ತಾರೀಕು, ಎಷ್ಟು ದಿನ ಸ್ರಾವ, ದಿನಕ್ಕೆ ಎಷ್ಟು ಪ್ಯಾಡ್, ಯಾವ ದಿನ ಎದ್ದು ಅಡುಗೆ ಮಾಡಲೂ ಆಗಲಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.